ಎರಡನೆಯ ಕುಟುಕು

ವಸುಂಧರಾ ಜೇನು ಸಾಕಬೇಕೆಂದು ಹೊರಟವಳೇ ಅಲ್ಲ. ಅವಳಿಗೆ ಬೇಕಾಗಿದ್ದದ್ದು ಬದನೆಕಾಯಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಪಕ್ಕದ ಬೀಸ್ಟನ್ನಿನಲ್ಲಿ ಊರಿನವರು ತರಕಾರಿ ಬೆಳೆದುಕೊಳ್ಳಲೆಂದು ಕೌನ್ಸಿಲ್‌ನವರು ತುಂಡು ತುಂಡು ನೆಲವನ್ನು ಬಾಡಿಗೆಗೆ ಕೊಡುತ್ತಾರೆ. ಅಲಾಟ್‌ಮೆಂಟ್ ಅನ್ನುತ್ತಾರೆ ಅದಕ್ಕೆ. ತೊಂಬತ್ತೆಂಟರ ವಸಂತದಲ್ಲಿ ರೈಲು ಹಳಿಯ ಪಕ್ಕದ ಒಂದು ತುಂಡು ಅವಳ ಪಾಲಿಗೆ ಬಂತು. ವಾರವೆಲ್ಲ ಹೈ ರೋಡಿನ ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿನ ಮೇಲೆ ಚೌಕಟ್ಟು ನೆಟ್ಟಗೆ ಕೂರಿಸುವುದು ಅವಳ ಕೆಲಸ. ಭಾನುವಾರ ಮಣ್ಣು ಕೆದರುತ್ತಾ ಕೂತರೆ ಮನಸ್ಸಿಗೆ ಹಾಯೆನಿಸುತ್ತಿತ್ತು.

ಆ ಚಳಿಯಲ್ಲಿ ಬದನೆ ಬರಲಿಲ್ಲ. ಕೊತ್ತಂಬರಿ ಮಾತ್ರ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಎತ್ತರಕ್ಕೆ ಬೆಳೆದು, ಬಿಳಿ ಹೂ ಬಿಟ್ಟು, ಅಡುಗೆಗೆ ಬಾರದಂತಾಯಿತು. ಕಿತ್ತು ಹಾಕೋಣವೆಂದು ಬಗ್ಗಿದಾಗ ಪಕ್ಕದ ತುಂಡಿನ ಮುದುಕಿ ಬೇಲಿಯಾಚೆಯಿಂದ ಕೂಗಿದಳು.

"ಕೀಳಬೇಡ, ಮಿ ಡಕ್! ನನ್ನ ಹುಡುಗಿಯರಿಗೆ ಅದು ಹಬ್ಬದೂಟ."

ಆಕೆಯ ಹೆಸರು ಎನಿಡ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಆ ಕಡೆಯ ಹಳಬರಂತೆ ಎಲ್ಲರನ್ನೂ 'ಮಿ ಡಕ್' ಎಂದೇ ಕರೆಯುತ್ತಿದ್ದಳು. ಹುಡುಗಿಯರೆಂದರೆ ಅವಳ ಮೂರು ಪೆಟ್ಟಿಗೆಯ ಜೇನುಹುಳುಗಳು. ಕೊತ್ತಂಬರಿ ಹಾಗೇ ಉಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ವಸುಂಧರಾ ಮುಖಕ್ಕೆ ಜಾಲರಿ ಹಾಕಿಕೊಂಡು ಎನಿಡ್‌ಳ ಪಕ್ಕದಲ್ಲಿ ನಿಂತು, ಪೆಟ್ಟಿಗೆಯೊಳಗಿನ ಹಲಗೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಸಾವಿರಾರು ಹುಳು ಒಂದೇ ಮೈಯಾಗಿ ಉಸಿರಾಡಿದಂತೆ ಕಾಣುತ್ತಿತ್ತು. ಆ ಗುಂಯ್‌ಗುಡುವಿಕೆ ಕಿವಿಯಿಂದಲ್ಲ, ಎದೆಗೂಡಿನಿಂದ ಕೇಳಿಸುತ್ತಿತ್ತು.

ಮೊದಲ ಸಲ ಕುಟುಕಿಸಿಕೊಂಡದ್ದು ಮಣಿಕಟ್ಟಿನ ಮೇಲೆ. ಎನಿಡ್ ಉಗುರಿನಿಂದ ಮುಳ್ಳನ್ನು ಕೆರೆದು ತೆಗೆದಳು. ಕೆಂಪಗೆ ಒಂದಿಷ್ಟು ಊದಿ, ಮಾರನೆಯ ದಿನ ಇಳಿಯಿತು. ಆಮೇಲೆ ಪ್ರತಿ ಬೇಸಿಗೆಯೂ ಒಂದೆರಡು ಸಲ ಆಗುತ್ತಿತ್ತು. ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎನಿಡ್‌ಳ ಸೊಂಟ ಸೋತು, ಸ್ಕಾರ್ಬರೋದಲ್ಲಿದ್ದ ತಂಗಿಯ ಮನೆಗೆ ಹೋಗುವಾಗ ಮೂರೂ ಪೆಟ್ಟಿಗೆಗಳನ್ನು ವಸುಂಧರಾಗೆ ಬಿಟ್ಟುಹೋದಳು.

ಅವಳ ಗಂಡ ಜಯಪ್ರಕಾಶನಿಗೆ ಈ ಹುಳುಗಳೆಂದರೆ ಅಷ್ಟಕ್ಕಷ್ಟೇ. ಬೆಂಗಳೂರಿನ ಬಸವನಗುಡಿಯವನು. ಡರ್ಬಿಯಲ್ಲಿ ರೈಲ್ವೆ ಸಿಗ್ನಲ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಒಂದೇ ಹಳಿಯ ಮೇಲೆ ಎರಡು ರೈಲು ಎದುರಾಗದಂತೆ ನೋಡಿಕೊಳ್ಳುವುದರಲ್ಲೇ ಇಪ್ಪತ್ತು ವರ್ಷ ಕಳೆದವನು. ಆಗಬಾರದ್ದನ್ನೆಲ್ಲ ಮೊದಲೇ ಊಹಿಸಿಕೊಳ್ಳುವುದು ಅವನಿಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು. ಅಲಾಟ್‌ಮೆಂಟಿನ ಗೇಟಿನವರೆಗೆ ಬಂದು, ಅಲ್ಲೇ ನಿಂತು, "ವಸು, ಮುಗೀತಾ?" ಅನ್ನುವನು. ಒಳಗೆ ಕಾಲಿಡುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಇಬ್ಬರಿಗೂ ಅದರ ಬಗ್ಗೆ ಮಾತು ಮುಗಿದು ಎಷ್ಟೋ ಕಾಲವಾಗಿತ್ತು. ಒಬ್ಬರಿಗೊಬ್ಬರು ಸಾಕಾಗಿದ್ದರು.

ಎರಡು ಸಾವಿರದ ಮೂರರ ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಬಂದಂಥ ಸೆಖೆ ಯಾರ ನೆನಪಿನಲ್ಲೂ ಇರಲಿಲ್ಲ. ಹುಲ್ಲೆಲ್ಲ ಒಣಗಿ ಗೋಧಿ ಬಣ್ಣವಾಗಿತ್ತು. ರೈಲು ಹಳಿ ಬಿಸಿಲಿಗೆ ಬಾಗುತ್ತದೆಂದು ರೈಲುಗಳನ್ನು ನಿಧಾನವಾಗಿ ಓಡಿಸುತ್ತಿದ್ದರು. ಅಂಥ ಒಂದು ಮಧ್ಯಾಹ್ನ ವಸುಂಧರಾ ಜೇನು ತೆಗೆಯಲು ಪೆಟ್ಟಿಗೆ ತೆರೆದಳು. ಜಾಲರಿಯ ಅಂಚಿನಿಂದ ಒಂದು ಹುಳು ಒಳಗೆ ನುಸುಳಿ ಕತ್ತಿನ ಪಕ್ಕಕ್ಕೆ ಕುಟುಕಿತು. ಅವಳು ಎಂದಿನಂತೆ ಮುಳ್ಳು ಕೆರೆದು ತೆಗೆದು, ಹಲಗೆಯನ್ನು ಮತ್ತೆ ಎತ್ತಿದಳು.

ಅಂಗೈ ತುರಿಸತೊಡಗಿತು. ಆಮೇಲೆ ಅಂಗಾಲು. ಆಮೇಲೆ ತುಟಿ ಬೇರೆ ಯಾರದೋ ಅನ್ನುವಷ್ಟು ದಪ್ಪವಾಯಿತು. ಹಲಗೆಯನ್ನು ಮೆಲ್ಲಗೆ ಇಳಿಸಿ ಪೆಟ್ಟಿಗೆ ಮುಚ್ಚುವಷ್ಟು ಬುದ್ಧಿ ಉಳಿದಿತ್ತು. ಮುಚ್ಚಿ ಹುಲ್ಲಿನ ಮೇಲೆ ಕೂತಳು. ಕೂತದ್ದು ಮಲಗುವುದಾಯಿತು. ಬಿಸಿಲಿಗೆ ಬಿಟ್ಟ ಹಳೆಯ ಫೋಟೋದಂತೆ ತೋಟದ ಬಣ್ಣ ಒಂದೊಂದಾಗಿ ಮಾಸಿತು. ಅವಳಿಗೆ ಹೆದರಿಕೆಯೇ ಆಗಲಿಲ್ಲ. ಮೈಸೂರಿನ ತವರುಮನೆಯ ಕೆಂಪು ಗಾರೆ ನೆಲದ ಮೇಲೆ, ಊಟವಾದ ಮೇಲಿನ ಹೊತ್ತಿನಲ್ಲಿ ಕೆನ್ನೆಯಿಟ್ಟು ಮಲಗಿದಂತೆ ತಣ್ಣಗಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಸಣ್ಣಗೆ ಸೀಟಿ ಹಾಕುತ್ತಿದ್ದರು. ಹಾಕಲಿ, ಪಾಪ, ಎಂದುಕೊಂಡಳು. ಅದು ತನ್ನದೇ ಗಂಟಲಿನ ಉಸಿರೆಂದು ತಿಳಿದದ್ದು, ಯಾರೋ ತೊಡೆಗೆ ಸೂಜಿ ಚುಚ್ಚಿ, ಎದೆ ಕುದುರೆಯಂತೆ ಓಡತೊಡಗಿ, ಬಣ್ಣಗಳೆಲ್ಲ ಒಮ್ಮೆಲೇ ತಿರುಗಿ ಬಂದಾಗ. ಎರಡು ತುಂಡು ಆಚೆ ಆಲೂಗೆಡ್ಡೆ ಅಗೆಯುತ್ತಿದ್ದವನು ಅವಳು ಬಿದ್ದದ್ದನ್ನು ಕಂಡು ಆಂಬುಲೆನ್ಸ್ ಕರೆಸಿದ್ದ.

ಜಯಪ್ರಕಾಶ ಆಸ್ಪತ್ರೆಗೆ ಬಂದಾಗ ಅವಳು ದಿಂಬಿಗೊರಗಿ ಚಹಾ ಕುಡಿಯುತ್ತಿದ್ದಳು. ಹಾಸಿಗೆಯ ಅಂಚಿನಲ್ಲಿ ಕೂತು, ಅವಳ ಕಾಲಿನ ಮೇಲಿದ್ದ ಹೊದಿಕೆಯನ್ನು ಸರಿಮಾಡಿದ. ಮತ್ತೆ ಸರಿಮಾಡಿದ.

ಒಂದು ವಾರ ಅವಳನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ವಾರ ಕಳೆದ ಮೇಲೆ ಅವನು ಕೆಲಸಕ್ಕೆ ಹೋಗಿದ್ದಾಗ, ದೂರದಿಂದಲೇ ಒಮ್ಮೆ ನೋಡಿ ಬರುವೆನೆಂದು ವಸುಂಧರಾ ಅಲಾಟ್‌ಮೆಂಟಿಗೆ ಹೋದಳು. ಪೆಟ್ಟಿಗೆಗಳು ಇರಲಿಲ್ಲ. ಅವು ಕೂತಿದ್ದ ಜಾಗದಲ್ಲಿ ಹುಲ್ಲು ಬೆಳ್ಳಗೆ, ಮೂರು ಚೌಕವಾಗಿ ಚಪ್ಪಟೆಯಾಗಿತ್ತು. ಹೊರಗೆ ಹೋಗಿದ್ದು ಹಿಂದೆ ಉಳಿದುಹೋದ ಹತ್ತಾರು ಹುಳುಗಳು ಆ ಚೌಕಗಳ ಮೇಲೆ ಗಾಳಿಯಲ್ಲೇ ಸುತ್ತುತ್ತಿದ್ದವು, ಬಾಗಿಲು ಇದ್ದ ಎತ್ತರದಲ್ಲೇ.

ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಕೇಳಿದಳು. "ಎಲ್ಲಿ ಕಳಿಸಿದ್ರಿ?"

"ಸಟನ್ ಕೋಲ್ಡ್‌ಫೀಲ್ಡ್‌ಗೆ. ಬಸಪ್ಪನವರ ಹತ್ರ. ಅವರ ಗಾರ್ಡನ್ ದೊಡ್ಡದು, ಅವರಿಗೆ ಗೊತ್ತು ಸಾಕೋದು."

ಬಸಪ್ಪನವರು ದಾವಣಗೆರೆಯ ಕಡೆಯವರು. ಹಲ್ಲಿನ ವೈದ್ಯರಾಗಿದ್ದು ನಿವೃತ್ತರಾದವರು. ಬರ್ಮಿಂಗ್‌ಹ್ಯಾಮಿನ ಯುಗಾದಿ ಊಟದಲ್ಲಿ ಪರಿಚಯವಾಗಿ, ಅವಳ ಜೇನನ್ನು ಹೊಗಳಿದ್ದವರು.

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಬೇಕಿತ್ತು."

"ವಸು, ನೀನು ಹೋಗೇಬಿಡ್ತಿದ್ದೆ. ನಾನು ಆಫೀಸಲ್ಲಿ ಸ್ಯಾಂಡ್‌ವಿಚ್ ತಿಂತಾ ಕೂತಿದ್ದೆ, ನೀನು ಅಲ್ಲಿ…" ಅವನು ಬೂಟಿನ ದಾರವನ್ನೇ ನೋಡುತ್ತಿದ್ದ. "ನನ್ನ ಕೈಲಿ ಆಗಲ್ಲ."

ಅವಳು ಜಗಳವಾಡಲಿಲ್ಲ. ಅನ್ನಕ್ಕಿಟ್ಟಳು. ಬಡಿಸಿದಳು. ಆದರೆ ಮನೆಯೊಳಗೆ ಏನೋ ಒಂದು ಅಲುಗಾಡುವುದು ನಿಂತುಹೋಗಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಅವಳಿಗೆ ಎಚ್ಚರದಲ್ಲೇ ಕನಸು ಬೀಳುತ್ತಿತ್ತು. ಯಾರದೋ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸುತ್ತಿರುವಾಗ ಬೆರಳ ತುದಿಗೆ ಗುಂಯ್ ಅನ್ನಿಸುವುದು. ಕಣ್ಣೆತ್ತಿದರೆ ಏನೂ ಇಲ್ಲ.

ಊರಿನ ಡಾಕ್ಟರು, ಅಲ್ಲಿಯವರ ಮಾತಿನಲ್ಲಿ ಜಿಪಿ, ಅವಳನ್ನು ಆಸ್ಪತ್ರೆಯ ಅಲರ್ಜಿ ವಿಭಾಗಕ್ಕೆ ಕಳಿಸಿದರು. ಜಯಪ್ರಕಾಶ ಜೊತೆಗೇ ಬಂದ. ಅಲ್ಲಿನ ಡಾಕ್ಟರು ಕಾಗದದ ಮೇಲಿನ ಹೆಸರನ್ನು ನೋಡಿ, ತಲೆಯೆತ್ತಿ, "ಕನ್ನಡದವರೇನ್ರೀ?" ಎಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರ್ ಹೇಮಲತಾ ಧಾರವಾಡದ ಹೆಣ್ಣುಮಗಳು. ಮೊದಮೊದಲು ಬೆಂಗಳೂರಿನ ಕನ್ನಡವನ್ನೇ ಜೋಡಿಸಿ ಜೋಡಿಸಿ ಆಡುತ್ತಿದ್ದವಳು, ವಿಷಯಕ್ಕೆ ಬಂದಂತೆ ತನ್ನ ಊರಿನ ಮಾತಿಗೇ ಜಾರಿದಳು.

"ನಿಮ್ಮ ಮೈ ದಡ್ಡ ಅಲ್ಲರೀ. ಭಾಳ ಶಾಣ್ಯಾ ಅದ. ಅದಕ್ಕ ಈ ತ್ರಾಸು."

"ಹಾಗಂದ್ರೆ?"

"ನೋಡ್ರಿ, ನಿಮ್ಮ ಎಲುಬಿನ ಒಳಗ ದಿನಾ ಲಕ್ಷಗಟ್ಟಲೆ ಬಿಳಿ ಕಣ ಹುಟ್ಟತಾವ. ಒಂದೊಂದರ ಮೈಮ್ಯಾಲೆ ಒಂದೊಂದು ನಮೂನಿ ಕೊಕ್ಕಿ ಇರತದ. ಈ ಕೊಕ್ಕಿ ಇಂಥಾದ್ದಕ್ಕ ಅಂತ ಯಾರೂ ಗೊತ್ತು ಮಾಡಿರಂಗಿಲ್ಲ. ಕಣ್ಣು ಮುಚ್ಚಿಕೊಂಡು ಮಾಡಿದ್ದು. ಜಗತ್ತಿನ್ಯಾಗ ಇರೋದಕ್ಕೂ ಮಾಡಿರತದ, ಇಲ್ಲದ್ದಕ್ಕೂ ಮಾಡಿರತದ. ಭಾಳಷ್ಟು ತಮ್ಮ ಜೋಡಿ ಸಿಗದನ ಸತ್ತು ಹೋಗತಾವ."

ವಸುಂಧರಾ ಮುಂದಕ್ಕೆ ಬಾಗಿದಳು. "ಜೇನಿನ ವಿಷಕ್ಕೂ ಒಂದು ಇತ್ತಾ?"

"ಇತ್ತು. ನೀವು ಮೈಸೂರಾಗ ಲಂಗಾ ಹಾಕ್ಕೊಂಡು ಅಡ್ಡಾಡುವಾಗೂ ಅಂಥಾದ್ದು ಹುಟ್ಟತಿತ್ತು, ಸಾಯತಿತ್ತು. ಇಲ್ಲಿಗೆ ಬಂದು ಮೊದಲ ಸಲ ಕಡಿಸಿಕೊಂಡ್ರಲ್ಲ, ಅವತ್ತು ಒಂದಕ್ಕ ತನ್ನ ಜೋಡಿ ಸಿಕ್ತು. ಸಿಕ್ಕ ಕೂಡಲೆ ಅದು ಎರಡಾತು, ನಾಕಾತು, ಸಾವಿರ ಆತು. ಕೆಲವು ಕೆಲಸಕ್ಕ ಹೋದ್ವು, ಕೆಲಸ ಮುಗಿಸಿ ಸತ್ವು. ಒಂದಿಷ್ಟು ಮಾತ್ರ ಸುಮ್ಮನ ಉಳದ್ವು, ನೆನಪಿಟ್ಟುಕೊಂಡು. ದಡಾರ ಒಮ್ಮೆ ಬಂದವರಿಗೆ ಮತ್ತ ಬರಂಗಿಲ್ಲಲ್ಲ, ಇದರಿಂದನ. ಎರಡನೇ ಸಲ ಬಂದಾಗ ಮೈಗೆ ಗುರುತು ಸಿಗತದ."

"ಅದು ಒಳ್ಳೇದೇ ಅಲ್ವಾ?" ಎಂದ ಜಯಪ್ರಕಾಶ.

"ಒಳ್ಳೇದ. ಆದ್ರ ಇವರ ಮೈ ಜೇನನ್ನ ತಪ್ಪು ತಿಳಕೊಂಡದ. ಹೊಟ್ಟಿಯೊಳಗಿನ ಹುಳ ಓಡಸಾಕ ಅಂತ ಇಟ್ಟಿರೋ ಜೋರು ಮದ್ದು ಇರತದಲ್ಲ, ಅದನ್ನ ಜೇನಿನ ಮ್ಯಾಲೆ ಸುರದು ಬಿಟ್ಟದ. ಕೊಲ್ಲಾಕ ಬಂದದ್ದು ಜೇನಲ್ಲ. ಈ ಅವಸರ."

ಆಕೆ ಎರಡು ದಾರಿ ಹೇಳಿದಳು. ಒಂದು, ಜೇನಿನಿಂದ ದೂರ ಇದ್ದು, ಕುಟುಕಿದ ಕೂಡಲೇ ತೊಡೆಗೆ ಚುಚ್ಚಿಕೊಳ್ಳಲು ಪೆನ್ನಿನಾಕಾರದ ಅಡ್ರಿನಲಿನ್ ಸೂಜಿಯೊಂದನ್ನು ಸದಾ ಕೈಚೀಲದಲ್ಲಿ ಇಟ್ಟುಕೊಳ್ಳುವುದು. ಇನ್ನೊಂದು, ಜೇನಿನ ವಿಷವನ್ನೇ ಕಾಣದಷ್ಟು ಸಣ್ಣ ಹನಿಯಿಂದ ಶುರುಮಾಡಿ, ವಾರವಾರವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ತೋಳಿಗೆ ಚುಚ್ಚಿಸಿಕೊಳ್ಳುವುದು. ಆಮೇಲೆ ತಿಂಗಳಿಗೊಮ್ಮೆ, ಮೂರು ವರ್ಷ.

"ಮರೆಸೋದಾ?" ಎಂದಳು ವಸುಂಧರಾ.

"ಇಲ್ಲರೀ. ಮೈ ಮರೆಯಂಗಿಲ್ಲ. ಅದೇ ವಿಷದ ಬಗ್ಗೆ ಇನ್ನೊಂದು ಪಾಠ ಹೇಳಿಕೊಡೋದು. ಸಾವಕಾಶ. 'ಇದು ಬಂತು, ಗೊತ್ತದ, ಗದ್ದಲ ಬ್ಯಾಡ' ಅನ್ನೋ ಹಂಗ."

ಜಯಪ್ರಕಾಶ ಪೆನ್ನು ಸಾಕು ಎಂದ. ವಸುಂಧರಾ ಚುಚ್ಚುಮದ್ದು ಎಂದಳು. ಡಾಕ್ಟರು ಇಬ್ಬರನ್ನೂ ನೋಡಿ, ರೋಗಿ ಯಾರೋ ಅವರ ಮಾತೇ ಅಂತಿಮ ಎಂದು ನಕ್ಕಳು.

ಆ ಚಳಿಗಾಲವೆಲ್ಲ ಗುರುವಾರದ ಗುರುವಾರ ಅವರು ಆಸ್ಪತ್ರೆಗೆ ಹೋದರು. ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆಂದರೂ ಅವನು ಕೇಳಲಿಲ್ಲ, ಮಧ್ಯಾಹ್ನ ರಜೆ ಹಾಕಿ ಕಾರು ತರುತ್ತಿದ್ದ. ಚುಚ್ಚಿಸಿಕೊಂಡ ಮೇಲೆ ಒಂದು ಗಂಟೆ ಅಲ್ಲೇ ಕೂರಬೇಕು. ಏನಾದರೂ ಆದರೆ ಡಾಕ್ಟರ ಕಣ್ಣೆದುರಿಗೇ ಆಗಬೇಕೆಂದು. ಬಿಸಿ ರೇಡಿಯೇಟರು, ಹಳೆಯ ಪತ್ರಿಕೆಗಳು, ಕಿಟಕಿಯ ಆಚೆ ನಾಲ್ಕಕ್ಕೇ ಇಳಿದುಬರುವ ಮಬ್ಬು. ಅವಳ ಜೊತೆಗೆ ಲಾಂಗ್ ಈಟನ್ನಿನ ಒಬ್ಬ ಪೋಸ್ಟ್‌ಮನ್ ಕೂರುತ್ತಿದ್ದ. ಅವನಿಗೆ ಚುಚ್ಚುತ್ತಿದ್ದದ್ದು ಕಣಜದ ಹುಳುವಿನ ವಿಷ. ಅಂಚೆಪೆಟ್ಟಿಗೆಯೊಳಗೆ ಗೂಡು ಕಟ್ಟಿದ್ದವಂತೆ. "ಕಣಜಕ್ಕೆ ಪತ್ರ ಬರೆಯೋರು ಯಾರು ಹೇಳಿ?" ಎಂದು ಪ್ರತಿವಾರವೂ ಅದೇ ನಗೆಯನ್ನು ನಗುತ್ತಿದ್ದ. ಆಮೇಲೆ ತಲೆಯೊರಗಿಸಿ ನಿದ್ದೆ ಹೋಗುತ್ತಿದ್ದ.

ವಸುಂಧರಾಗೂ ಆ ಬೆಚ್ಚನೆಯಲ್ಲಿ ಅರೆನಿದ್ದೆ ಹತ್ತುತ್ತಿತ್ತು. ತೋಳು ಭಾರವಾಗುತ್ತಿತ್ತು. ಚುಚ್ಚಿದಲ್ಲಿಂದ ಸುದ್ದಿ ಹೊತ್ತವರು ಹೊರಟು ಕಂಕುಳಿನ ಗಂಟಿಗೆ ಹೋಗುತ್ತಾರೆ, ಅಲ್ಲಿ ಒಂದೊಂದು ಕೊಕ್ಕೆಗೂ ವಿಷವನ್ನು ತೋರಿಸಿ, ಇದು ನಿನ್ನ ಜೋಡಿಯೇ ಎಂದು ಕೇಳುತ್ತಾರೆ ಎಂದು ಡಾಕ್ಟರು ಹೇಳಿದ್ದು ಅವಳ ನಿದ್ದೆಯೊಳಗೆ ನಡೆದಾಡುತ್ತಿತ್ತು. ತನ್ನ ಒಳಗೇ ಇಷ್ಟು ದೊಡ್ಡ ಊರಿದೆ. ಹುಟ್ಟುವವರು, ಕಾಯುವವರು, ತಾವು ಯಾರಿಗಾಗಿ ಹುಟ್ಟಿದೆವೆಂದು ತಿಳಿಯದೇ ಮಂಜಿನಲ್ಲಿ ಕಳೆದುಹೋಗುವವರು. ಮೈಸೂರಿನಲ್ಲಿ ಹುಟ್ಟಿದ ಹುಡುಗಿಯೊಬ್ಬಳ ಎಲುಬಿನೊಳಗೆ, ನಾಟಿಂಗ್‌ಹ್ಯಾಮಿನ ಜೇನಿಗೆ ಸರಿಹೊಂದುವ ಕೊಕ್ಕೆಯೊಂದು, ಯಾರೂ ಹೇಳದೆ, ಯಾರೂ ಕೇಳದೆ! ಅವಳಿಗೆ ಅದು ಎಷ್ಟು ಸಲ ಯೋಚಿಸಿದರೂ ಮುಗಿಯುತ್ತಿರಲಿಲ್ಲ. ಕಣ್ಣು ತೆರೆದರೆ ಜಯಪ್ರಕಾಶ ಎದುರು ಕುರ್ಚಿಯಲ್ಲಿ ಪತ್ರಿಕೆ ತಲೆಕೆಳಗಾಗಿ ಹಿಡಿದು ಅವಳನ್ನೇ ನೋಡುತ್ತಿರುತ್ತಿದ್ದ.

ಫೆಬ್ರವರಿಯ ಒಂದು ಗುರುವಾರ ಚುಚ್ಚಿಸಿಕೊಂಡ ಸ್ವಲ್ಪ ಹೊತ್ತಿಗೆ ಅವಳ ಎದೆಯ ಮೇಲೆ, ಕುತ್ತಿಗೆಯ ಮೇಲೆ ದದ್ದು ಎದ್ದವು. ಅವಳು ಹೇಳುವ ಮೊದಲೇ ಅವನು ಎದ್ದು ಓಡಿದ್ದ. ನರ್ಸು ಬಂದಳು, ಹೇಮಲತಾ ಬಂದಳು, ಮದ್ದು ಕೊಟ್ಟರು. ಸಂಜೆಯ ಹೊತ್ತಿಗೆ ಎಲ್ಲ ಇಳಿಯಿತು. "ಮುಂದಿನ ವಾರ ಒಂದು ಮೆಟ್ಟಿಲು ಕೆಳಗಿಳದು ಮತ್ತ ಏರೋಣು," ಎಂದಳು ಡಾಕ್ಟರು, ದಿನನಿತ್ಯದ ಮಾತೆಂಬಂತೆ.

ಕಾರಿನಲ್ಲಿ ಕೂತ ಮೇಲೆ ಅವನು ಕೀಲಿ ತಿರುಗಿಸಲಿಲ್ಲ. ಗಾಜಿನ ಮೇಲೆ ಹಿಮಬೆರೆತ ಮಳೆ ಬೀಳುತ್ತಿತ್ತು.

"ಸಾಕು ವಸು. ಬಿಟ್ಟುಬಿಡೋಣ."

"ನಾನು ಬಿಡಲ್ಲ."

"ಯಾಕೆ? ಜೇನು ತುಪ್ಪ ಟೆಸ್ಕೋ ಅಂಗಡೀಲಿ ಸಿಗುತ್ತೆ."

ಅವಳು ಸೀಟ್‌ಬೆಲ್ಟ್ ಬಿಗಿದುಕೊಂಡಳು. ಆಮೇಲೆ, "ನಿಮಗೆ ಹೇಗೆ ಹೇಳಲಿ," ಎಂದಳು. "ಈ ಊರಲ್ಲಿ ನಾನು ಇಪ್ಪತ್ತು ವರ್ಷ ಮೆಲ್ಲಗೆ ನಡೆದಿದ್ದೀನಿ. ಬಾಗಿಲು ಮೆಲ್ಲಗೆ ಹಾಕಿದ್ದೀನಿ. ಪೆಟ್ಟಿಗೆ ತೆರೆದಾಗ ಮಾತ್ರ ನನಗೆ ಅದು ಮರೆತು ಹೋಗ್ತಿತ್ತು. ಅಷ್ಟೇ. ತುಪ್ಪ ಅಲ್ಲ."

ಅವನು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತೇ ಇದ್ದ. "ನನಗೆ ಗೊತ್ತಿರಲಿಲ್ಲ," ಎಂದ ಕೊನೆಗೆ. "ನಾನು ಗೇಟಿನ ಹತ್ರಾನೇ ನಿಂತಿರ್ತಿದ್ನಲ್ಲ."

ಮುಂದಿನ ಗುರುವಾರ ಅವನು ಪತ್ರಿಕೆ ಹಿಡಿಯಲಿಲ್ಲ. ಅವಳ ಪಕ್ಕದ ಕುರ್ಚಿಗೆ ಬಂದು ಕೂತು, ಜೇನುಪೆಟ್ಟಿಗೆಯೊಳಗೆ ಏನೇನಿರುತ್ತದೆ ಹೇಳು ಎಂದ. ಅವಳು ಹೇಳಿದಳು. ರಾಣಿಯ ಬಗ್ಗೆ, ಬಾಗಿಲಲ್ಲಿ ರೆಕ್ಕೆ ಬೀಸಿ ಗಾಳಿ ಹಾಕುವವರ ಬಗ್ಗೆ. ಪೋಸ್ಟ್‌ಮನ್‌ಗೆ ಅವರ ಭಾಷೆ ತಿಳಿಯದಿದ್ದರೂ ಅವನೂ ಕಿವಿಗೊಟ್ಟು ಕೂತಿದ್ದ. ಹೀಗೆ ಗಂಟೆಗಳು ಕರಗಿದವು. ಹನಿ ದೊಡ್ಡದಾಗುತ್ತ ಹೋಯಿತು. ಏಪ್ರಿಲ್ ಹೊತ್ತಿಗೆ ಎರಡು ಜೇನು ಒಟ್ಟಿಗೆ ಕುಟುಕಿದರೆ ಎಷ್ಟೋ ಅಷ್ಟು ವಿಷ ಅವಳ ತೋಳಿಗಿಳಿದರೂ, ಅಲ್ಲಿ ಒಂದು ಬಿಸಿ ಗಂಟು ಬಿಟ್ಟರೆ ಬೇರೇನೂ ಏಳುತ್ತಿರಲಿಲ್ಲ. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಹೋದರೆ ಸಾಕಾಯಿತು.

ಮರುವರ್ಷದ ಮೇ ತಿಂಗಳು. ಊಟಕ್ಕೆ ಕೂತಿದ್ದಾಗ ಜಯಪ್ರಕಾಶ ತಟ್ಟೆಯನ್ನು ನೋಡಿಕೊಂಡೇ ಕೇಳಿದ. "ಬಸಪ್ಪನವರಿಗೆ ಫೋನ್ ಮಾಡಿದ್ದೆ. ಹುಳು ಚೆನ್ನಾಗಿವೆಯಂತೆ, ಈಗ ಐದು ಪೆಟ್ಟಿಗೆ ಆಗಿವೆಯಂತೆ. ಒಂದು ತರೋಣ್ವಾ?" ಸ್ವಲ್ಪ ತಡೆದು, "ನೀನು ಬೇಡ ಅಂದ್ರೆ ಬೇಡ," ಎಂದ.

ವಸುಂಧರಾ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ಅವನನ್ನು ನೋಡಿದಳು. "ಕೇಳ್ತಾ ಇದ್ದೀರಾ?"

"ಹೂಂ. ಕೇಳ್ತಾ ಇದ್ದೀನಿ."

ಶನಿವಾರ ಹೋಗಿ ಬಸಪ್ಪನವರ ಮನೆಯಲ್ಲಿ ಉಳಿದು, ಭಾನುವಾರ ನಸುಕಿನಲ್ಲಿ, ಹುಳುಗಳು ಹೊರಗೆ ಹೊರಡುವ ಮೊದಲೇ ತೋಟಕ್ಕಿಳಿದರು. ಹುಲ್ಲಿನ ಮೇಲೆ ಇಬ್ಬನಿ, ಸೇಬಿನ ಮರಗಳ ಕೆಳಗೆ ಬೆಳ್ಳನೆಯ ಮಂಜು. ಎಲ್ಲವೂ ನೀರಿನಡಿಯಲ್ಲಿ ಇದ್ದಂತೆ ನಿಶ್ಶಬ್ದ. ಬಸಪ್ಪನವರು ಪೆಟ್ಟಿಗೆಯ ಬಾಗಿಲಿಗೆ ಸ್ಪಂಜು ತುರುಕಿದರು. ವಸುಂಧರಾ ಪಟ್ಟಿ ಬಿಗಿಯುತ್ತಿದ್ದಳು. ಎಲ್ಲಿಂದಲೋ ಒಂದು ಹುಳು, ಇಬ್ಬನಿಯಲ್ಲಿ ರಾತ್ರಿ ಕಳೆದದ್ದಿರಬೇಕು, ಅವಳ ಪಾದದ ಗಂಟಿನ ಮೇಲೆ ತೆವಳಿ ಕುಟುಕಿತು.

"ಆಯ್ತು," ಎಂದಳು.

ಬಸಪ್ಪನವರು ಸ್ಪಂಜಿನ ಮೇಲೆ ಕೈಯಿಟ್ಟೇ ನಿಂತರು. ಜಯಪ್ರಕಾಶನ ಕೈ ಆಗಲೇ ಅವಳ ಚೀಲದೊಳಗಿತ್ತು. ಪೆನ್ನು ತೆಗೆದು ಮುಚ್ಚಳಕ್ಕೆ ಹೆಬ್ಬೆರಳಿಟ್ಟು ಅವಳ ಪಕ್ಕ ಮಂಡಿಯೂರಿದ. ಅವಳು ಮುಳ್ಳು ಕೆರೆದು ತೆಗೆದು ಒದ್ದೆ ಹುಲ್ಲಿನ ಮೇಲೆ ಕೂತಳು. ಅಂಗೈ ನೋಡಿಕೊಂಡಳು. ತುಟಿ ಮುಟ್ಟಿಕೊಂಡಳು. ಎಲ್ಲೋ ಒಂದು ಬ್ಲ್ಯಾಕ್‌ಬರ್ಡ್ ಹಾಡತೊಡಗಿತು, ನಿಲ್ಲಿಸಿತು, ಮತ್ತೆ ತೊಡಗಿತು. ಮಂಜು ಮರಗಳ ಮಧ್ಯೆ ಸರಿದು ಬೇಲಿ ಕಾಣಿಸಿತು, ಬೇಲಿಯಾಚೆಯ ಮನೆಗಳ ಹೆಂಚು ಕಾಣಿಸಿತು, ಆಮೇಲೆ ಬಿಸಿಲು. ಅವಳ ಪಾದದ ಗಂಟಿನ ಮೇಲೆ ಬಟಾಣಿಯಷ್ಟು ಊತ. ಅಷ್ಟೇ. ಒಳಗೆ ಎಲ್ಲೋ ಗುರುತು ಹಿಡಿದವರು, ಗದ್ದಲ ಬೇಡವೆಂದು ಒಬ್ಬರಿಗೊಬ್ಬರು ಹೇಳಿಕೊಂಡಿರಬೇಕು.

"ಏನೂ ಆಗಲೇ ಇಲ್ಲಲ್ರೀ!" ಎಂದರು ಬಸಪ್ಪನವರು, ಸ್ವಲ್ಪ ನಿರಾಶೆಯಾದವರಂತೆ.

ಜಯಪ್ರಕಾಶ ನಗಲು ಹೋಗಿ ಅತ್ತುಬಿಟ್ಟ. ಯಾರಿಗೂ ಕಾಣಬಾರದೆಂದು ಪೆಟ್ಟಿಗೆಯ ಕಡೆ ತಿರುಗಿ, ಆಗಲೇ ಬಿಗಿದಿದ್ದ ಪಟ್ಟಿಯನ್ನು ಮತ್ತೆ ಬಿಗಿದ.

ಕಾರಿನ ಹಿಂದೆ ಪೆಟ್ಟಿಗೆ ಇಟ್ಟುಕೊಂಡು ಮೋಟರ್‌ವೇಯಲ್ಲಿ ಬರುವಾಗ ಇಬ್ಬರೂ ರೇಡಿಯೋ ಹಾಕಲಿಲ್ಲ. ಹಿಂದಿನಿಂದ ಬರುತ್ತಿದ್ದ ಮೊರೆತ ಕಾರನ್ನೆಲ್ಲ ತುಂಬಿತ್ತು, ಎರಡೂ ಬದಿಗೆ ಹಳದಿ ಸಾಸಿವೆಹೂವಿನ ಹೊಲಗಳು ತೇಲಿಹೋಗುತ್ತಿದ್ದವು. ಕಾರು ಓಡುತ್ತಿರುವುದು ಎಂಜಿನ್ನಿನಿಂದಲ್ಲ, ಹಿಂದಿನ ಸಾವಿರ ರೆಕ್ಕೆಗಳಿಂದ ಅನ್ನಿಸಿತು ಅವಳಿಗೆ.

ಅಲಾಟ್‌ಮೆಂಟಿನ ಗೇಟಿನಲ್ಲಿ ಅವನು ನಿಲ್ಲಲಿಲ್ಲ. ಪೆಟ್ಟಿಗೆಯ ಒಂದು ಬದಿ ಹಿಡಿದು ಒಳಗೆ ಬಂದ. ಇಳಿಸಿ, ಸ್ಪಂಜು ಎಳೆದಾಗ ಒಂದು ಹುಳು ನೇರ ಬಂದು ಅವನ ಮುಂಗೈಗೆ ಕುಟುಕಿತು. ಐವತ್ತೆರಡು ವರ್ಷದಲ್ಲಿ ಮೊದಲ ಸಲ. "ಅಮ್ಮಾ!" ಎಂದು ಕುಣಿದ. ಅವಳು ನಕ್ಕಳು, ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಮುಳ್ಳು ತೆಗೆದಳು. ತೆಗೆಯುತ್ತ ಅವಳ ನಗು ನಿಂತಿತು.

"ಯಾಕೆ? ಏನಾಯ್ತು?"

"ಏನಿಲ್ಲ. ಮೊದಲನೇದಕ್ಕೆ ಯಾರಿಗೂ ಏನೂ ಆಗಲ್ಲ."

ಅವಳು ಮುಂದಿನ ಮಾತು ಹೇಳಲಿಲ್ಲ. ಅವನ ಎಲುಬಿನೊಳಗೂ ಒಂದಕ್ಕೆ ಇಂದು ಜೋಡಿ ಸಿಕ್ಕಿರಬಹುದು. ಅದು ಯಾವ ಪಾಠ ಕಲಿಯುತ್ತದೋ ಹೊರಗಿನಿಂದ ತಿಳಿಯುವಂತಿಲ್ಲ. ಆ ಬೇಸಿಗೆಯೆಲ್ಲ ಅವನು ಹುರುಪಿನಿಂದ ತೋಟಕ್ಕೆ ಬಂದ. ಜಾಲರಿ ಕೊಂಡ, ದಪ್ಪ ಕೈಗವಸು ಕೊಂಡ. ಅವಳು ಹಲಗೆ ಎತ್ತುವಾಗ ಹೊಗೆ ಹಾಕಿದ. ಅವಳಿಗೆ ಸಂತೋಷವಾಗುತ್ತಿತ್ತು, ಅದರ ಜೊತೆಗೇ ಅವನ ಸುತ್ತ ಹಾರುವ ಒಂದೊಂದು ಹುಳುವಿನ ಮೇಲೂ ಕಣ್ಣಿಡುವಂತಾಗುತ್ತಿತ್ತು. ಒಂದೆರಡು ಸಲ, ಏನೂ ಕಾರಣವಿಲ್ಲದೆ, "ನೀವು ಮನೆಗೆ ಹೋಗಿ, ಬಿಸಿಲು ಜಾಸ್ತಿ," ಎಂದಳು. ಪೆಟ್ಟಿಗೆಗಳನ್ನು ಹೇಳದೆ ಕಳಿಸಿದವನ ಮೇಲೆ ಅವಳಿಗೆ ಉಳಿದಿದ್ದ ಸಣ್ಣ ಮುನಿಸು ಯಾವಾಗ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಎರಡನೆಯ ಕುಟುಕು ಬಂದದ್ದು ಮರುವರ್ಷ ಜೂನಿನಲ್ಲಿ. ಗವಸಿನ ಅಂಚಿನಲ್ಲಿ. "ಮತ್ತೆ ಕಚ್ತು ನೋಡು!" ಎಂದ ಅವನು, ಹೆಮ್ಮೆಯಿಂದಲೇ. ಅವಳು ಹಲಗೆಯನ್ನು ಇಳಿಸಿದಳು. ಅವನ ಜಾಲರಿ ತೆಗೆದಳು, ಎಳೆದುಕೊಂಡು ಹೋಗಿ ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕೂರಿಸಿದಳು.

"ಕೂತಿರಿ. ಅಲ್ಲಾಡಬೇಡಿ. ಏನಾದ್ರೂ ಅನ್ನಿಸ್ತಿದೆಯಾ? ತುರಿಕೆ? ಗಂಟಲು?"

"ಏನೂ ಇಲ್ಲ ಮಾರಾಯ್ತಿ."

"ಇದ್ರೆ ತಕ್ಷಣ ಹೇಳಬೇಕು."

"ನೀನೂ ನನ್ನ ಹಾಗೇ ಆಡ್ತಿದ್ದೀಯಲ್ಲ," ಎಂದ ಅವನು. ಅವಳು ತನ್ನ ಪೆನ್ನನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು.

ಡರ್ಬಿಯ ಕಡೆಗೆ ಒಂದು ರೈಲು ಹೋಯಿತು. ಅವನು ಅದರ ಬಗ್ಗೆ ಏನೋ ಹೇಳತೊಡಗಿದ, ಆ ಸಿಗ್ನಲ್ಲು ಹೋದ ವರ್ಷ ಬದಲಾಯಿಸಿದ್ದು, ಅದಕ್ಕೂ ಮೊದಲಿನದು ಎಷ್ಟು ಹಳೆಯದೆಂದರೆ ಎಂದು ಶುರುಮಾಡಿ, ಮಾತು ಉದ್ದವಾಗಿ, ನಿಧಾನವಾಗಿ, ಮಧ್ಯದಲ್ಲೇ ನಿಂತಿತು. ಅವಳು ಗಾಬರಿಯಿಂದ ತಿರುಗಿ ನೋಡಿದಳು. ಬಿಸಿಲಿಗೆ ಅವನಿಗೆ ನಿದ್ದೆ ಬಂದಿತ್ತು. ತುಟಿ ತೆಳ್ಳಗೇ ಇತ್ತು, ಕೆನ್ನೆಯ ಬಣ್ಣ ಇದ್ದ ಹಾಗೇ ಇತ್ತು. ಆದರೂ ಅವಳು ಅವನ ಬಾಯಿಯ ಹತ್ತಿರ ಕಿವಿ ತಂದು ಉಸಿರನ್ನು ಕೇಳಿದಳು, ಸೀಟಿಯಿಲ್ಲದ, ಸ್ವಲ್ಪ ಗೊರಕೆಯ, ದಿನವೂ ಕೇಳುವ ಅದೇ ಉಸಿರು. ಒಂದು ಗಂಟೆಯಾಗುವವರೆಗೆ ಅವಳು ಕದಲಲಿಲ್ಲ. ಆಮೇಲೂ ಎಬ್ಬಿಸಲಿಲ್ಲ.